ಕಾಗದದ ಮೂಲೆಗೆ ನಂಬರು ಹಾಕು ಪುಟ್ಟಿ

ಪುಟ್ಟಿ, ನಾನು ಶನಿವಾರಸಂತೆ ಅಜ್ಜಿ ಮಾತಾಡ್ತಿರೋದು. ನಿನ್ನ ಮೆಸೇಜ್ ಬೆಳಿಗ್ಗೇನೇ ನೋಡಿದೆ. ಟೈಪ್ ಮಾಡೋಕೆ ನನ್ನ ಬೆರಳಿಗೆ ಆಗಲ್ಲ, ಅದಕ್ಕೇ ಮಾತಾಡಿ ಕಳಿಸ್ತಿದ್ದೀನಿ. ಉದ್ದ ಆಗುತ್ತೆ. ಬೇಜಾರಾದೋರು ಕೇಳಬೇಡಿ, ಅಷ್ಟೇ.

ನೀನು ಹೇಳಿದ್ದು ಇಷ್ಟು. ನಿನ್ನ ಹುಡುಗ ಅಗ್ನಿವೀರ ಆಗಿ, ಅಂದ್ರೆ ನಾಲ್ಕು ವರ್ಷಕ್ಕೆ ಅಂತ, ಸೈನ್ಯಕ್ಕೆ ಸೇರಿದಾನೆ, ಟ್ರೈನಿಂಗಲ್ಲಿ ಫೋನು ಕೈಗೆ ಸಿಗೋದು ಭಾನುವಾರ ಮಾತ್ರ. ಮೇ 7ನೇ ತಾರೀಖು ನಮ್ಮ ಸೈನ್ಯ ಪಾಕಿಸ್ತಾನದ ಮೇಲೆ ದಾಳಿ ಮಾಡಿದ ಆಪರೇಷನ್ ಸಿಂಧೂರದ ಸುದ್ದಿ ಬಂದಾಗಿಂದ ನೀನು ಮೂವತ್ತು ನಲವತ್ತು ಮೆಸೇಜ್ ಹಾಕಿದ್ದೀಯ. 11ನೇ ತಾರೀಖು ಅವನು ಎಲ್ಲಾ ನೋಡಿದಾನೆ, ನೀಲಿ ಗೆರೆಯೂ ಬಂದಿದೆ, ಆದ್ರೆ ‘ಚೆನ್ನಾಗಿದ್ದೀನಿ, ಊಟ ಆಯ್ತು’ ಅಂತ ಎರಡು ಮಾತು ಹಾಕಿ ಆಫ್ ಆಗಿಬಿಟ್ಟ. ಅದಕ್ಕೆ ನಿಮ್ಮ ಮಾವ ಇದೇ ಗ್ರೂಪಲ್ಲಿ, ಅಗ್ನಿವೀರ ಅಂದ್ರೆ ನಾಲ್ಕು ವರ್ಷ ಮದುವೆ ಆಗೋ ಹಾಗಿಲ್ಲ, ಆಮೇಲೂ ನೂರಕ್ಕೆ 25 ಜನಕ್ಕಿಂತ ಹೆಚ್ಚು ಉಳಿಸ್ಕೊಳ್ಳಲ್ಲ, ಇದೆಲ್ಲ ಸಾಕು ಬಿಡು ಅಂತ ಬರೆದಿದಾನೆ.

ನಿಮ್ಮ ಮಾವ ಹೇಳಿದ್ದು ಸುಳ್ಳಲ್ಲ. ಯೋಚನೆ ಮಾಡೋ ವಿಷಯವೇ. ಆದ್ರೆ ಅದನ್ನ ಮನೇಲಿ ಕೂತು, ಹುಡುಗನ ಅಪ್ಪ ಅಮ್ಮನನ್ನೂ ಕರೆಸಿ ಮಾತಾಡ್ಬೇಕಪ್ಪಾ. ನಾಲ್ಕು ದಿನದಿಂದ ನಿದ್ದೆ ಮಾಡದೇ ಇರೋ ಹುಡುಗಿಗೆ ಗ್ರೂಪಲ್ಲಿ ಅರುವತ್ತು ಜನರ ಮುಂದೆ ಹೇಳೋದಾ?

ಇರಲಿ. ನನ್ನ ಕಥೆ ಕೇಳು.

ನಿಮ್ಮ ತಾತ 1971ರ ಮಳೆಗಾಲದಲ್ಲಿ ವೆಲ್ಲಿಂಗ್ಟನ್‌ಗೆ ಹೋದ್ರು. ಕೂನೂರಿನ ಪಕ್ಕ, ಮದ್ರಾಸ್ ರೆಜಿಮೆಂಟಿನ ಸೆಂಟರ್. ಇಲ್ಲಿಂದ ಏನು ಮಹಾ ದೂರ, ಮೈಸೂರು, ಗುಂಡ್ಲುಪೇಟೆ, ಊಟಿ ದಾಟಿದ್ರೆ ಆಯ್ತು. ಆದ್ರೆ ರಿಕ್ರೂಟಿಗೆ ಅದು ಲಡಾಖಿನಷ್ಟೇ ದೂರ. ಆಗ ನಮ್ಮಿಬ್ಬರ ವಿಷಯ ಮನೇಲಿ ಗೊತ್ತಿರಲಿಲ್ಲ. ಕಾಗದ ಬರ್ತಿದ್ದಿದ್ದು ನಮ್ಮಣ್ಣನ ಹೆಸರಿಗೆ. ಅದರಲ್ಲಿ ಪ್ರತೀ ಸಲ ‘ಕೆಂಪಿ ಹೇಗಿದಾಳೆ, ಸರಿಯಾಗಿ ಮೇವು ತಿಂತಿದಾಳಾ’ ಅಂತ ಒಂದು ಸಾಲು. ಅಣ್ಣ ಅದನ್ನ ಜಗಲೀಲಿ ಕೂತು ಗಟ್ಟಿಯಾಗಿ ಓದ್ತಿದ್ದ, ನಾನು ಒಳಗೆ ರೊಟ್ಟಿ ತಟ್ತಾ ಕೇಳ್ತಿದ್ದೆ. ಮೂರನೇ ಕಾಗದಕ್ಕೆ ಅಪ್ಪ ಕೇಳಿದ್ರು: ‘ಯಾವ ಕೆಂಪಿನೋ ಅದು? ನಮ್ಮ ಕೊಟ್ಟಿಗೇಲಿ ಇರೋದೆಲ್ಲ ಎಮ್ಮೆ!’

ಆಮೇಲೆ ಬೈಗುಳ, ಅಳು, ಎಲ್ಲಾ ಆಗಿ ಅಂತೂ ದೀಪಾವಳಿ ಹೊತ್ತಿಗೆ ಎರಡೂ ಮನೆಯೋರು ಮಾತು ಮಾಡ್ಕೊಂಡ್ರು. ನನ್ನ ಹೆಸರಿಗೇ ಇನ್‌ಲ್ಯಾಂಡ್ ಲೆಟರ್ ಬರೋಕೆ ಶುರುವಾಯ್ತು. ಆ ನವೆಂಬರ್ 15ರಿಂದ ಏನಾಯ್ತು ಗೊತ್ತಾ, ಪೂರ್ವ ಬಂಗಾಳದ ನಿರಾಶ್ರಿತರಿಗೆ ಅಂತ ಕಾಗದಕ್ಕೆ 5 ಪೈಸೆಯ ಇನ್ನೊಂದು ಸ್ಟಾಂಪು ಹಚ್ಚಬೇಕು ಅಂತ ಮಾಡಿದ್ರು. ಮೊದಮೊದ್ಲು ಸಿಕ್ಕಿದ್ದು ಯಾವ ಸ್ಟಾಂಪು ಹೇಳು? ಕುಟುಂಬ ಯೋಜನೆದು! ಕೆಂಪು ತ್ರಿಕೋನ ಇರುತ್ತಲ್ಲ, ಅದರ ಮೇಲೇ ‘ರೆಫ್ಯೂಜಿ ರಿಲೀಫ್’ ಅಂತ ಅಚ್ಚು ಹೊಡೆದು ಕೊಟ್ಟಿದ್ರು. ಮದುವೇನೇ ಆಗದ ಹುಡುಗಿ, ಹುಡುಗನಿಗೆ ಬರೆಯೋ ಕಾಗದಕ್ಕೆ ಅದನ್ನ ಅಂಟಿಸ್ಕೊಂಡು ಪೋಸ್ಟಾಫೀಸಿಗೆ ಹೋಗ್ಬೇಕು. ನಾಚಿಕೆಗೆ ಎರಡು ವಾರ ನಾನು ಬರೀಲೇ ಇಲ್ಲ. ಎಡವಟ್ಟು ಆಗಿದ್ದು ಅಲ್ಲೇ.

ಡಿಸೆಂಬರ್ 3ಕ್ಕೆ ಯುದ್ಧ ಶುರು. ರೇಡಿಯೋ ಇದ್ದಿದ್ದು ಎದುರುಮನೇಲಿ, ಕಾಫಿ ಕುಯ್ಲು ಮುಗಿಸಿ ಬಂದೋರೆಲ್ಲ ಅಲ್ಲೇ. ಅರ್ಧ ಕಲಿತ ರಿಕ್ರೂಟುಗಳನ್ನೂ ಮುಂದಕ್ಕೆ ಕಳಿಸ್ತಾರಂತೆ ಅಂತ ಯಾರೋ ಅಂದ್ರು. ಯಾರು ಅಂದ್ರು, ಯಾಕೆ ಅಂದ್ರು, ಇವತ್ತಿಗೂ ಗೊತ್ತಿಲ್ಲ, ಈಗ ಫಾರ್ವರ್ಡ್ ಬರುತ್ತಲ್ಲ, ಹಾಗೇ. ನಾನು 5ನೇ ತಾರೀಖು ಬರೆದೆ: ಜೀವಂತ ಇದ್ದೀನಿ ಅಂತ ಒಂದು ಗೆರೆ ಬರೆಯೋಕೂ ಪುರುಸೊತ್ತಿಲ್ವಾ ಅಂತ. 9ಕ್ಕೆ ಅವರ ಕಾಗದ ಬಂತು. ಒಡೆದು ನೋಡಿದ್ರೆ ಬೂಟು ಕಚ್ಚಿದ್ದು, ಲಂಗರಲ್ಲಿ, ಅಂದ್ರೆ ಅಲ್ಲಿನ ಅಡುಗೆಮನೇಲಿ, ಚಪಾತಿ ಚರ್ಮದ ಥರ ಇರೋದು, ಟ್ರೈನಿಂಗ್ ಕೊಡೋ ಉಸ್ತಾದರು ಮೈದಾನ ಸುತ್ತಿಸಿದ್ದು. ಯುದ್ಧದ ಸೊಲ್ಲೇ ಇಲ್ಲ! ನಾನು ಅದನ್ನೇ ನನ್ನ ಕಾಗದಕ್ಕೆ ಉತ್ತರ ಅಂದ್ಕೊಂಡೆ. ಅದು ಯುದ್ಧಕ್ಕೆ ಮುಂಚೆ ಬರೆದು ದಾರೀಲಿ ತಡವಾಗಿದ್ದು. ಸಿಟ್ಟಲ್ಲಿ ಮೇಲೆ ತಾರೀಖು ಯಾರು ನೋಡ್ತಾರೆ? ಇನ್ನೊಂದು ಬರೆದೆ, ಮೊದಲಿನದ್ದಕ್ಕಿಂತ ಖಾರವಾಗಿ. ಅವರು ಮೊದಲನೇದಕ್ಕೆ ಸಮಾಧಾನ ಬರೆದಿದ್ರು, ಅದು ಬರೋದ್ರೊಳಗೆ ನನ್ನ ಎರಡನೇದು ಅಲ್ಲಿಗೆ ಹೋಗಿ ಅವರಿಗೂ ಸಿಟ್ಟು. 16ನೇ ತಾರೀಖು ಢಾಕಾದಲ್ಲಿ ಶರಣಾಗತಿ ಆಯ್ತು, ಸಂತೆಬೀದೀಲಿ ಸಕ್ಕರೆ ಹಂಚಿದ್ರು. ಅಲ್ಲಿ 93,000 ಜನ ಶರಣಾದ್ರು, ಇಲ್ಲಿ ನಾನು ಮಾತ್ರ ಆಗಿರಲಿಲ್ಲ.

ತಡಿ, ಕುಕ್ಕರ್ ಕೂಗ್ತಿದೆ.

ಹಾಂ. ಅತ್ರೆ ನಮ್ಮಪ್ಪಂದು ಒಂದೇ ಪಾಠ. 1965ರಲ್ಲಿ ಜನರಲ್ ಕಾರ್ಯಪ್ಪನವರ ಮಗ ಪಾಕಿಸ್ತಾನದಲ್ಲಿ ಸೆರೆ ಸಿಕ್ಕಾಗ, ನನ್ನ ಮಗನಿಗೆ ಮಾತ್ರ ಬೇರೆ ಉಪಚಾರ ಬೇಡ ಅಂದವರು ಅವರು, ನಮ್ಮ ಶನಿವಾರಸಂತೇಲೇ ಹುಟ್ಟಿದವರು, ನೀನು ನೋಡಿದ್ರೆ ಕಾಗದ ಬರ್ಲಿಲ್ಲ ಅಂತ ಅಳ್ತೀಯ ಅಂತ. ಕೊಡಗಲ್ಲಿ ಇದೊಂದು ಕಷ್ಟ ಪುಟ್ಟಿ. ಅಷ್ಟು ದೊಡ್ಡವರ ತಕ್ಕಡೀಲಿ ನಮ್ಮ ಕಣ್ಣೀರು ತೂಗ್ತಾರೆ. ನನಗೆ ಆಗ 18 ವರ್ಷ, ನಾನೇನು ಜನರಲ್ ಆಗಿದ್ನಾ? ನೀನು ಅಳೋದಿದ್ರೆ ಅಳು, ಯಾರಾದ್ರೂ ಅಂದ್ರೆ ನನಗೆ ಹೇಳು.

ಆಮೇಲೆ ದಾರಿ ಹುಡುಕಿದ್ದು ನಿಮ್ಮ ತಾತ. ಸಂಕ್ರಾಂತಿ ಹೊತ್ತಿಗೆ ಬಂದ ಕಾಗದದ ಮೂಲೇಲಿ ದೊಡ್ಡದಾಗಿ ‘1’ ಅಂತ ಬರೆದು ಸುತ್ತ ಸೊನ್ನೆ ಹಾಕಿದ್ರು. ಇನ್ಮೇಲೆ ನೀನೂ ನಂಬರು ಹಾಕು, ಕೊನೇದಾಗಿ ನನ್ನ ಯಾವ ನಂಬರು ಸಿಕ್ತು ಅಂತಾನೂ ಬರಿ, ಲೆಕ್ಕ ಸರಿಹೋಗೋ ತನಕ ಜಗಳ ಬೇಡ ಅಂತ. ಟ್ರೈನಿಂಗ್ ಮುಗಿದು ಪ್ರಮಾಣ ಮಾಡಿಸೋ ಕಸಂ ಪರೇಡ್ ಆಗಿ, ಜಮ್ಮು ಕಡೆ ಹೋಗಿ, ವಿಳಾಸದಲ್ಲಿ ಊರೇ ಇಲ್ಲದೆ ಬರೀ 56 ಎ.ಪಿ.ಒ., ಅಂದ್ರೆ ಸೈನ್ಯದ ಪೋಸ್ಟಾಫೀಸು, ಅಂತ ಆದ್ಮೇಲೂ ಆ ನಂಬರೇ ನಮ್ಮನ್ನ ಕಾಪಾಡಿದ್ದು. 73ರಲ್ಲಿ ಮದುವೆ ಆಗೋ ಹೊತ್ತಿಗೆ ಅವರದ್ದು 61, ನಂದು 88. ಅವರು ಸೋಮಾರಿ.

ಇಲ್ಲೇ ಕೂತಿದಾರೆ, ಕೇಳಿಸ್ಕೊಂಡು ನಗ್ತಿದಾರೆ.

ಈಗ ನಿನ್ನ ವಿಷಯ. ನಲವತ್ತು ಮೆಸೇಜಲ್ಲಿ ನೀನು ಏನೇನು ಕೇಳಿದ್ದೀಯ ನೋಡ್ಕೋ. ಎಲ್ಲಿದ್ದೀಯ, ಬಾರ್ಡರಿಗೆ ಹಾಕ್ತಾರಾ, ಟ್ರೈನಿಂಗ್ ಬೇಗ ಮುಗಿಸ್ತಾರಾ, ಹೇಗಿದ್ದೀಯ, ಊಟ ಆಯ್ತಾ. ಇದರಲ್ಲಿ ಅವನು ಹೇಳಬಹುದಾಗಿದ್ದು ಕೊನೇವೆರಡೇ, ಅವೆರಡಕ್ಕೂ ಹೇಳಿದಾನೆ. ಉಳಿದದ್ದು ಅವನಿಗೆ ಗೊತ್ತಿರಲ್ಲ, ಗೊತ್ತಿದ್ರೂ ಹೇಳೋ ಹಾಗಿಲ್ಲ. ಫೋನು ಸಿಗೋ ಸ್ವಲ್ಪ ಹೊತ್ತಲ್ಲಿ ಅಮ್ಮನ ಹತ್ರಾನೂ ಮಾತಾಡ್ಬೇಕು, ಯೂನಿಫಾರಂ ಒಗೀಬೇಕು. ತಾತ ಹೇಳ್ತಿದಾರೆ, ರಿಕ್ರೂಟಿಗೆ ಭಾನುವಾರ ಪ್ರೀತಿಗಿಂತ ನಿದ್ದೆ ದೊಡ್ಡದಂತೆ. ಕೇಳಿದ್ಯಾ, 54 ವರ್ಷ ಆದ್ಮೇಲೆ ಬಾಯಿಬಿಟ್ರು.

ಇನ್ನೊಂದು. ಅವನು ಯೂನಿಫಾರಂ ಹಾಕ್ಕೊಂಡಿರೋ ಫೋಟೋ, ಜೊತೆಗೆ ಸೆಂಟರಿನ ಹೆಸರು, ಬ್ಯಾಚು ಎಲ್ಲಾ ಬರೆದು ಈ ಗ್ರೂಪಿಗೆ ಹಾಕಿರೋದು ಯಾರೋ, ಈಗಲೇ ತೆಗೀರಿ. ಹೆಮ್ಮೆ ಇದ್ರೆ ಮನಸ್ಸಲ್ಲಿ ಇಟ್ಕೊಳ್ಳಿ. ನಾಳೆ ಅವನ ಫ್ರೆಂಡು ಅಂತ ಯಾರಾದ್ರೂ ನಿನಗೆ ಮೆಸೇಜ್ ಮಾಡಿದ್ರೆ ಉತ್ತರ ಕೊಡಬೇಡ ಪುಟ್ಟಿ.

ನೀನು ಕಾಗದ ಬರಿ, ಕೈಯಲ್ಲಿ. ಇನ್‌ಲ್ಯಾಂಡ್ ಲೆಟರ್ ಈಗಲೂ ಸಿಗುತ್ತೆ, ನನ್ನ ಬೀರುವಲ್ಲೂ ಆರೇಳು ಇದೆ. ಪ್ರಶ್ನೆ ಕೇಳಬೇಡ, ಸುದ್ದಿ ಹೇಳು. ಕಣದಲ್ಲಿ ಕಾಫಿ ಹರವಿದ್ವಿ, ಮೋಡ ಬಂತು, ನಾನೂ ಅತ್ತಿಗೆನೂ ಓಡಿ ಓಡಿ ಟಾರ್ಪಾಲ್ ಮುಚ್ಚೋವಾಗ ಅತ್ತಿಗೆ ಜಾರಿ ಬಿದ್ರು ಅಂತ ನಾನೊಂದು ಸಲ ಬರೆದಿದ್ದೆ. ಆ ಕಾಗದವನ್ನ ಬ್ಯಾರಕ್ಕಲ್ಲಿ ಹತ್ತು ಜನ ಓದಿದ್ರಂತೆ. ನಮ್ಮ ಕಡೆಯವನೊಬ್ಬ ಅದನ್ನ ಮಡಚಿ ದಿಂಬಿನ ಕೆಳಗೆ ಇಟ್ಕೊಂಡಿದ್ನಂತೆ. ಅವನಿಗೆ ಮನೆಯಿಂದ ಬರೆಯೋಕೆ ಯಾರೂ ಇರಲಿಲ್ಲ.

ಇನ್ನು ಮಳೆ ಹಿಡಿದ್ರೆ ನಮ್ಮಲ್ಲಿ ಕರೆಂಟೂ ಇಲ್ಲ, ಟವರೂ ಇಲ್ಲ. ಆಗ ಭಾನುವಾರ ಫೋನ್ ಹಿಡ್ಕೊಂಡು, ಇವಳು ಯಾಕೆ ಎತ್ತಲ್ಲ ಅಂತ ಒದ್ದಾಡೋದು ಅವನು. ಅದನ್ನ ಈಗಲೇ ಬರೆದು ತಿಳಿಸಿಬಿಡು.

ಶನಿವಾರ ಸಂತೆಗೆ ಬಂದಾಗ ಮನೆಗೆ ಬಾ, ಇನ್‌ಲ್ಯಾಂಡ್ ಕೊಡ್ತೀನಿ. ಮೂಲೇಲಿ ‘1’ ಹಾಕೋದು ಮರೀಬೇಡ. ಏನ್ರೀ? ಹಾಂ, ತಾತ ಕೇಳ್ತಿದಾರೆ, ನಿಮ್ಮ ಹಸುಗೆ ಏನು ಹೆಸರು ಇಟ್ಕೊಂಡಿದ್ದೀರಿ ಅಂತ.