ಸೆರ್ಮೆರ್ಮಿಯುತ್: ಯಾವುದು ಮನೆ, ಯಾವುದು ಡೇರೆ?

ದಿಬ್ಬ_ದಾರಿ:
ಗ್ರೀನ್‌ಲ್ಯಾಂಡಿನ ಇಲುಲಿಸಾತ್ ಪಕ್ಕದ ಸೆರ್ಮೆರ್ಮಿಯುತ್ ಎಂಬ ಹಳೇ ಜನವಸತಿಯ ಫೋಟೊಗಳಲ್ಲಿ ಹುಲ್ಲು ಬೆಳೆದ ಗುಂಡಿ, ದಿಣ್ಣೆ ಬಿಟ್ಟು ಏನೂ ಕಾಣಲ್ಲ. ಚಳಿಗಾಲದ ಮನೆ ಎಲ್ಲಿತ್ತು, ಬೇಸಿಗೆ ಡೇರೆ ಎಲ್ಲಿತ್ತು ಅಂತ ಗುರುತಿಸೋದು ಹೇಗೆ? ಒಂದಕ್ಕೂ ಚಾವಣಿ ಯಾಕಿಲ್ಲ?

ಕಲ್ಲುಮಣ್ಣು:
ಬಾಗಿಲ ದಾರಿ ಹುಡುಕಿ. ಮನೆಗೆ ಕಲ್ಲು, ಹುಲ್ಲುಹೆಂಟೆಯ ದಪ್ಪ ಗೋಡೆ. ಸಾಮಾನ್ಯವಾಗಿ ಕಡಲ ಕಡೆಗೆ, ತೆವಳಿ ಹೋಗುವಂಥ ಸುರಂಗ. ಸುರಂಗದ ನೆಲ ಒಳಗಿನ ನೆಲಕ್ಕಿಂತ ತಗ್ಗು. ತಣ್ಣನೆ ಗಾಳಿ ಭಾರ, ಅಲ್ಲೇ ಉಳಿಯುತ್ತೆ. ಮಲಗುವ ಜಗಲಿ ಹಿಂಗೋಡೆಗೆ, ಬೆಚ್ಚನೆ ಗಾಳಿಯ ಎತ್ತರಕ್ಕೆ. ಕಾವಿಗೆ ಬಳಪದ ಕಲ್ಲಿನ ದೀಪ: ಸೀಲ್ ಕೊಬ್ಬು, ಪಾಚಿಯ ಬತ್ತಿ. ಡೇರೆಯದು ಚರ್ಮದ ಅಂಚು ಹಾರದಂತೆ ಹೇರಿದ ಕಲ್ಲಿನ ಬಳೆ, ಅಷ್ಟೇ.

ಚಾವಣಿ ಕುಸಿದೇ ಹೋಗಿರಬೇಕಿಲ್ಲ. ವಸಂತದಲ್ಲಿ ಡೇರೆಗೆ ಹೊರಡುವಾಗ ಅದನ್ನು ಬಿಚ್ಚಿ, ಮಸಿ ಹಿಡಿದ ಮನೆಯನ್ನು ಗಾಳಿಗೆ ಬಿಡುತ್ತಿದ್ದರು. ಮರವೇ ಬೆಳೆಯದ ಕಡೆ, ಚಾವಣಿಗೆ ಹಾಕಿದ, ಕಡಲಲ್ಲಿ ತೇಲಿಬಂದ ದಿಮ್ಮಿಯನ್ನು ಯಾರು ಬಿಟ್ಟು ಹೋಗ್ತಾರೆ?

ಪದರ:
ಇದನ್ನು ಒಂದೇ ಹಳ್ಳಿ ಅಂತ ಓದಬೇಡಿ. 1950ರ ದಶಕದ ಅಗೆತದಲ್ಲಿ ಸಿಕ್ಕಿದ್ದು ಬೇರೆ ಬೇರೆ ಕಾಲದ ಮೂರು ಸಂಸ್ಕೃತಿಗಳ ಪದರ: ಕೆಳಗೆ ಸಕ್ಕಾಕ್, ನಡುವೆ ಡಾರ್ಸೆಟ್, ಮೇಲೆ ಇನ್ಯೂಟರ ಪೂರ್ವಜರಾದ ಥೂಲೆ. ನಡುನಡುವೆ ಮನುಷ್ಯರ ಸುಳಿವೇ ಇಲ್ಲದ ಪೀಟ್, ಅಂದರೆ ಅರೆಕೊಳೆತ ಗಿಡಗಳ ಮಣ್ಣು. ಹಾಗಾಗಿ ಇಲ್ಲಿ '4000 ವರ್ಷ ಸತತ ವಾಸ' ಇತ್ತು ಅಂತ ಯಾರಾದರೂ ಹೇಳಿದರೆ ಅದು ತಪ್ಪು. ಹತ್ತಿರದಲ್ಲೇ 1741ರಲ್ಲಿ ವ್ಯಾಪಾರ ಠಾಣೆ ಬಂತು, 1850ರ ಹೊತ್ತಿಗೆ ಕೊನೆಯವರೂ ಇಲ್ಲಿಂದ ಹೊರಟರು. ಅಂದಹಾಗೆ, ಸೆರ್ಮೆಕ್ ಅಂದರೆ ಹಿಮನದಿ, ಮಿಯುತ್ ಅಂದರೆ ಅಲ್ಲಿಯವರು. ನಮ್ಮ 'ಘಟ್ಟದವರು' ಇದ್ದ ಹಾಗೆ.

ದಿಬ್ಬ_ದಾರಿ:
ಹಳೇ ಕಸದ ತಿಪ್ಪೆ ಮೇಲೆ ಹುಲ್ಲು ಸೊಂಪಾಗಿ ಬೆಳೆಯುತ್ತೆ ಅಂತಾರಲ್ಲ. ಹಾಗಾದ್ರೆ ಕಡುಹಸಿರು ಕಂಡಲ್ಲೆಲ್ಲ ತಿಪ್ಪೆಯೇ?

ಪದರ:
ಒಳ್ಳೆ ಸುಳಿವು, ಆದರೆ ಹಕ್ಕಿ ಹಿಕ್ಕೆ ಬೀಳುವ ಬಂಡೆಯ ಬುಡವೂ ಹಾಗೇ ಹಸಿರಾಗುತ್ತೆ. ಕಡಲು ಕೊರೆದ ಅಂಚಿನಲ್ಲಿ ಮೂಳೆ, ಕಲ್ಲಿನ ಚಕ್ಕೆ ಕಂಡರೆ ತಿಪ್ಪೆ ಎನ್ನಬಹುದು. ತಿಪ್ಪೆ ಹೆಪ್ಪುಗಟ್ಟಿರುವಷ್ಟು ದಿನ ಅದರೊಳಗಿನ ಮರ, ಚರ್ಮವೂ ಉಳಿಯುತ್ತೆ. ಇಲ್ಲಿನ ಫ್ಯೋರ್ಡಿನಲ್ಲೇ (ಬೆಟ್ಟಗಳ ನಡುವೆ ಒಳನುಗ್ಗಿದ ಕಡಲಿನ ಕಿರುಚಾಚು) ಇರುವ ಕಜಾ ಎಂಬ ಹಳೇ ನೆಲೆಯಲ್ಲಿ ಉಪಕರಣಗಳ ಮರದ ಹಿಡಿಗಳೇ ಸಿಕ್ಕಿವೆ. ಕರಗಿ ನೀರು ಬಸಿದರೆ ಗಾಳಿ ನುಗ್ಗುತ್ತೆ, ಸೂಕ್ಷ್ಮಜೀವಿಗಳು ಕೊಳೆಸೋಕೆ ಶುರು. ಕೊಳೆತದಿಂದಲೇ ಶಾಖ ಹುಟ್ಟಿ ಇನ್ನಷ್ಟು ಕರಗುತ್ತೆ, ಗೊಬ್ಬರಗುಂಡಿ ಬಿಸಿಯಾಗೋ ಹಾಗೆ.

ಕಲ್ಲುಮಣ್ಣು:
ಹೋಗೋದಾದ್ರೆ ಆ ಅಂಚನ್ನು ಮೇಲಿನಿಂದಲೇ ನೋಡಿ, ಕೆಳಗಿನ ದಂಡೆಗೆ ಇಳಿಯಬೇಡಿ. ಕಡಲಲ್ಲಿ ತೇಲುವ ಹಿಮಗುಡ್ಡ ಒಡೆದರೆ, ಮಗುಚಿದರೆ ಗಾಳಿಯೇ ಇಲ್ಲದ ದಿನವೂ ದೊಡ್ಡ ಅಲೆ ಏಳುತ್ತೆ. ಮರದ ಹಲಗೆ ದಾರಿ ಬಿಡಬೇಡಿ. ಮೂಳೆ ಚೂರನ್ನೂ ಎತ್ತಬೇಡಿ, ಕಾನೂನಿನ ರಕ್ಷಣೆ ಇರುವ ಜಾಗ.