ಪದ ಬೇಕು: ಗುಡ್ಡದ ಸೈಕಲ್‌ನ ‘ಹ್ಯಾಂಡ್ಲಿಂಗ್’, ‘ರೈಡಿಂಗ್ ಪೊಸಿಷನ್’, ‘ಸ್ಯಾಗ್’ (ತುರ್ತು)

ಗೆಳೆಯರೇ,

ಮೌಂಟನ್ ಬೈಕನ್ನು ಮೈಗೆ ಹೊಂದಿಸಿಕೊಳ್ಳುವುದು ಹೇಗೆ ಅಂತ ಹೇಳುವ ಪುಟ್ಟ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಮೂರು ಕಡೆ ಸಿಕ್ಕಿಕೊಂಡಿದ್ದೇನೆ.

ಹ್ಯಾಂಡ್ಲಿಂಗ್: ಓಡಿಸುವಾಗ ಸೈಕಲ್ ನಮ್ಮ ಮಾತು ಕೇಳುವ ರೀತಿ. ಯಂತ್ರಾನುವಾದ ‘ನಿರ್ವಹಣೆ’ ಅನ್ನುತ್ತದೆ. ಸ್ಟೆಮ್ ಅಂದರೆ ಹ್ಯಾಂಡಲನ್ನು ಸೈಕಲ್ಲಿಗೆ ಹಿಡಿದಿಡುವ ತುಂಡು. ‘ಸ್ಟೆಮ್ ಗಿಡ್ಡವಾದರೆ ನಿರ್ವಹಣೆ ಚುರುಕಾಗುತ್ತದೆ’ ಅಂತ ಓದಿದವರು ಚೈನಿಗೆ ಎಣ್ಣೆ ಬಿಡಲು ಹೋಗುತ್ತಾರೆ, ಅಷ್ಟೇ.

ರೈಡಿಂಗ್ ಪೊಸಿಷನ್: ‘ಕೂರುವ ಭಂಗಿ’ ಆಗದು. ಕಲ್ಲುಮುಳ್ಳಿನ ಇಳಿಜಾರಿನಲ್ಲಿ ಯಾರೂ ಕೂರುವುದಿಲ್ಲ. ಪೆಡಲ್ ಮೇಲೆ ನಿಂತು, ಮಂಡಿ ಮಡಿಸಿ, ಮೊಣಕೈ ಅಗಲಿಸಿ ಓಡಿಸುತ್ತಾರೆ.

ಸ್ಯಾಗ್: ಸವಾರ ಹತ್ತಿದಾಗ ಅವನ ಭಾರಕ್ಕೆ ಸಸ್ಪೆನ್ಷನ್ (ಕುಲುಕು ತಡೆಯುವ ಮುಂದಿನ ಫೋರ್ಕ್, ಹಿಂದಿನ ಶಾಕ್) ಎಷ್ಟು ಇಳಿಯುತ್ತದೆ ಅನ್ನುವ ಅಳತೆ. ಸಾಮಾನ್ಯವಾಗಿ ಅದು ಪೂರ್ತಿ ಇಳಿಯಬಲ್ಲ ದೂರದಲ್ಲಿ ಹಿಂದೆ 25–30%, ಮುಂದೆ 15–20%. ‘ಕುಸಿತ’ ಅಂದರೆ ಏನೋ ಮುರಿದುಬಿದ್ದ ಹಾಗಿದೆ.

ಮರು:
ಮೊದಲು ‘ಬೈಕ್’ ತೆಗೆಯಿರಿ. ಕನ್ನಡದಲ್ಲಿ ಬೈಕ್ ಅಂದರೆ ಪೆಟ್ರೋಲ್ ಕುಡಿಯುವುದು. ‘ಬೆಟ್ಟದ ತುಳಿಬಂಡಿ’ ಅನ್ನಿ. ‘ಭಂಗಿ’ ಸಂಸ್ಕೃತ, ‘ಸವಾರ’ ಪಾರಸಿ. ಎರಡನೆಯದಕ್ಕೆ ‘ನಿಲುವು’ ಅನ್ನುವ ಅಚ್ಚಗನ್ನಡ ಪದ ಇದೆ. ಮೂರನೆಯದು ‘ಜಗ್ಗು’. ಇದರಲ್ಲಿ ಚರ್ಚೆ ಮಾಡಲು ಏನಿದೆ?

ಮರು: ಮರು:
‘ಬೈಕ್’ ಬಗ್ಗೆ ಒಪ್ಪಿದೆ, ‘ಸೈಕಲ್’ ಸಾಕು. ತುಳಿಬಂಡಿ ಸುಮ್ನೆ ಹಟ. ಅಂದ ಹಾಗೆ ಸೈಕಲ್ ಅಷ್ಟೇನೂ ಪರಕೀಯವಲ್ಲ. ಗ್ರೀಕಿನ ‘ಕುಕ್ಲೋಸ್’, ಸಂಸ್ಕೃತದ ‘ಚಕ್ರ’, ಇಂಗ್ಲಿಷಿನ ‘ವೀಲ್’ ಎಲ್ಲ ಒಂದೇ ಬೇರಿನವು. ಇದನ್ನು ಹಿಂದೆಯೂ ಬರೆದಿದ್ದೆ, ಯಾರೂ ಓದಿದಂತಿಲ್ಲ.

ಮರು: ಮರು: ಮರು:
ಓದಿದ್ದೇವೆ ಮೇಷ್ಟ್ರೇ. ಅದು ಗ್ರೀಕಿಗೂ ಸಂಸ್ಕೃತಕ್ಕೂ ಇರುವ ನಂಟು. ಕನ್ನಡಕ್ಕೇನು?

ಮರು: ಜಗ್ಗು
ನಮ್ಮ ಉತ್ತರ ಕರ್ನಾಟಕದ ಕಡೆ ಜಗ್ಗು ಅಂದರೆ ಎಳೆ. ಹಗ್ಗಜಗ್ಗಾಟ ಗೊತ್ತಲ್ವಾ? ‘ಮುಂದಿನ ಫೋರ್ಕ್ 30 ಮಿಮೀ ಜಗ್ಗಬೇಕು’ ಅಂತ ಓದಿದವನು ಎರಡೂ ಕೈಯಲ್ಲಿ ಹಿಡಿದು ಎಳೆಯುತ್ತಾನೆ.

ಮರು: ಮರು: ಜಗ್ಗು
‘ಬೆದರಿಕೆಗೆ ಜಗ್ಗಲಿಲ್ಲ’ ಅನ್ನುವಾಗ ಯಾರ ಕೈಯಲ್ಲೂ ಹಗ್ಗ ಇರುವುದಿಲ್ಲ. ಭಾರಕ್ಕೆ ಬಾಗುವುದು, ತಗ್ಗುವುದು ಆ ಪದದ ಇನ್ನೊಂದು ಅರ್ಥ. ‘ಭಾರಕ್ಕೆ’ ಅನ್ನುವುದನ್ನು ಮುಂದೆ ಇಟ್ಟರೆ ಗೊಂದಲ ಇಲ್ಲ.

ಮರು: ಮೂಲ ಪ್ರಶ್ನೆ
ನಾನು ಇಂಥ ಸೈಕಲ್ ಓಡಿಸುವವನು, ವ್ಯಾಕರಣ ಬಲ್ಲವನಲ್ಲ. ಆದರೆ ಇಲ್ಲಿ ಪದಕ್ಕಿಂತ ಮೊದಲು ವಿಷಯ ಬಿಡಿಸಬೇಕು.

ಹ್ಯಾಂಡ್ಲಿಂಗ್ ಅನ್ನುವ ಒಂದೇ ಪದದೊಳಗೆ ಎರಡು ಗುಣ ಇವೆ. ಹ್ಯಾಂಡಲ್ ತಿರುಗಿಸಿದ ತಕ್ಷಣ ತಿರುಗುವುದು ಒಂದು. ವೇಗದಲ್ಲಿ ಅಲ್ಲಾಡದೆ ನೆಟ್ಟಗೆ ಓಡುವುದು ಇನ್ನೊಂದು. ಒಂದನ್ನು ಹೆಚ್ಚಿಸಿದರೆ ಎಷ್ಟೋ ಸಲ ಇನ್ನೊಂದು ಕಡಿಮೆಯಾಗುತ್ತದೆ. ಹಳೇ ಗುಡ್ಡದ ಸೈಕಲ್‌ಗಳಲ್ಲಿ ಸ್ಟೆಮ್ 100 ಮಿಮೀ ಮೀರುತ್ತಿತ್ತು, ಹ್ಯಾಂಡಲ್ 600 ಮಿಮೀ ಆಸುಪಾಸು. ಈಗ ಸ್ಟೆಮ್ 35–50, ಹ್ಯಾಂಡಲ್ 740–800. ಗಿಡ್ಡ ಸ್ಟೆಮ್ ತಿರುವನ್ನು ಚುರುಕು ಮಾಡುತ್ತದೆ. ಅಗಲ ಹ್ಯಾಂಡಲ್ ಕೈಗೆ ಬಲ ಕೊಟ್ಟು ಆ ಚುರುಕನ್ನು ಹದಕ್ಕೆ ತರುತ್ತದೆ. ಇದೆಲ್ಲಕ್ಕೂ ಒಂದೇ ನಾಮಪದ ಯಾಕೆ ಬೇಕು? ‘ಸೈಕಲ್ ಹೇಳಿದ ಹಾಗೆ ಕೇಳುತ್ತದೆ’ ಅನ್ನಿ. ಓಡಿಸುವವರೆಲ್ಲ ಹಾಗೇ ಹೇಳುವುದು. ಶೀರ್ಷಿಕೆಗೆ ಬೇಕೇ ಬೇಕು ಅಂದರೆ ‘ಹತೋಟಿ’.

ಪೊಸಿಷನ್ ಕೂಡ ಎರಡು. ಕೂತಾಗ ಲೆಕ್ಕಕ್ಕೆ ಬರುವುದು ಸೀಟಿನಿಂದ ಹ್ಯಾಂಡಲ್‌ಗೆ ಇರುವ ದೂರ. ನಿಂತಾಗ ರೀಚ್. ಅಂದರೆ ಎರಡು ಪೆಡಲ್ ನಡುವಿನ ಅಚ್ಚಿನಿಂದ ಫ್ರೇಮಿನ ಹೆಡ್ ಟ್ಯೂಬ್ (ಫೋರ್ಕ್ ಹಾದುಹೋಗುವ ಮುಂದಿನ ಕೊಳವೆ) ಮೇಲ್ತುದಿಗೆ ಅಡ್ಡಡ್ಡ ಎಷ್ಟು ದೂರ ಅನ್ನುವುದು. ಇದಕ್ಕೆ ‘ಎಟುಕು’ ಚೆನ್ನಾಗಿ ಒಪ್ಪುತ್ತದೆ. ಇನ್ನೊಂದು ಮಾತು, ಕೈಪಿಡಿಯಲ್ಲಿ ಇದು ಬಿಟ್ಟುಹೋಗಬಾರದು. ಸ್ಟೆಮ್ ಕೆಳಗೆ ಸ್ಪೇಸರ್ (ಎತ್ತರಕ್ಕೆ ಹಾಕುವ ಬಳೆ) ಹಾಕಿ ಹ್ಯಾಂಡಲ್ ಎತ್ತರಿಸಿದರೆ ಅದು ಬರೀ ಮೇಲೆ ಹೋಗುವುದಿಲ್ಲ. ಹೆಡ್ ಟ್ಯೂಬ್ ಹಿಂದಕ್ಕೆ ವಾಲಿರುವುದರಿಂದ ಹ್ಯಾಂಡಲ್ ಕೂಡ ನಿಮ್ಮ ಕಡೆಗೆ ಸರಿಯುತ್ತದೆ. ಬೆನ್ನಿಗೆ ಆರಾಮ, ಆದರೆ ಮುಂದಿನ ಚಕ್ರದ ಮೇಲೆ ಭಾರ ಕಡಿಮೆಯಾಗಿ ತಿರುವಿನಲ್ಲಿ ಅದು ಜಾರಬಹುದು.

ಮರು: ಮರು: ಮೂಲ ಪ್ರಶ್ನೆ
ಮಾಹಿತಿಗೆ ವಂದನೆ. ‘ನಿಲುವು’ ಮಾತ್ರ ಬೇಡ. ಓದುಗರು ‘ಅಭಿಪ್ರಾಯ’ ಅಂದುಕೊಳ್ಳುತ್ತಾರೆ. ‘ಸವಾರನ ನಿಲುವು ಬದಲಾಗಬೇಕು’ ಅಂದರೆ ಚುನಾವಣೆ ಭಾಷಣ.

ಮರು: ಮರು: ಮರು:
ಪತ್ರಿಕೆಗಳು ಒಂದು ಒಳ್ಳೆ ಪದವನ್ನು ಕೆಡಿಸಿದವು ಅಂತ ನಾವು ಅದನ್ನು ಬಿಟ್ಟುಕೊಡಬೇಕೇ? ಹೀಗೇ ಬಿಟ್ಟು ಬಿಟ್ಟು ಇವತ್ತು ಬ್ರೇಕು, ಟೈರು, ಸೀಟು.

ಮರು: ಎರವಲು
ಬ್ರೇಕು, ಟೈರುಗಳಿಗೆ ‘ಉ’ ಸೇರಿಸಿ ನಮ್ಮವರೇ ಮಾಡಿಕೊಂಡಾಗಿದೆ. ತಾವು ಕೂರುವ ಕುರ್ಚಿ ಅರಬ್ಬಿ, ಕೈ ತೊಳೆಯುವ ಸಾಬೂನೂ ಹೊರಗಿನಿಂದ ಬಂದದ್ದು. ಅವನ್ನೂ ಹೊರಗಿಡುತ್ತೀರಾ?

ಮರು: ಮರು: ಎರವಲು
ಕುರ್ಚಿಯ ವಾದ ಹಳಸಿದೆ. ಹೊಸದು ತನ್ನಿ.

ಮರು: ತುರ್ತು
ಎಲ್ಲರಿಗೂ ವಂದನೆ. ‘ನಿಲುವು’ ಬಿಟ್ಟಿದ್ದೇನೆ. ‘ಕೂತಾಗ’, ‘ನಿಂತಾಗ’ ಅಂತ ಎರಡು ಭಾಗ ಮಾಡಿದೆ. ಸ್ಯಾಗ್ ಭಾಗ ಹೀಗಿದೆ:

‘ಸವಾರಿಗೆ ಹಾಕುವ ಬಟ್ಟೆ, ಬೆನ್ನಚೀಲ ಎಲ್ಲ ಹಾಕಿಕೊಳ್ಳಿ. ಶಾಕ್ ಮೇಲಿನ ರಬ್ಬರ್ ಉಂಗುರವನ್ನು ಸೀಲಿನವರೆಗೆ ತಳ್ಳಿಡಿ. ಮೆಲ್ಲಗೆ ಹತ್ತಿ, ಕುಲುಕದೆ ಇಳಿಯಿರಿ. ಉಂಗುರ ಸರಿದಷ್ಟು ದೂರವೇ ನಿಮ್ಮ ಭಾರಕ್ಕೆ ಸಸ್ಪೆನ್ಷನ್ ಕೊಡುವ ಜಗ್ಗು. ಶಾಕ್‌ನ ಪೂರ್ತಿ ಓಟ (ಅದು ಕುಗ್ಗಬಲ್ಲ ದೂರ) 50 ಮಿಮೀ ಇದ್ದರೆ, 15 ಮಿಮೀ ಸರಿದಾಗ 30% ಆಯಿತು. ಜಾಸ್ತಿ ಜಗ್ಗಿದರೆ ಶಾಕ್‌ಗೆ ಗಾಳಿ ತುಂಬಿ, ಕಡಿಮೆಯಾದರೆ ಗಾಳಿ ಹೊರಬಿಡಿ.’

ಮರು: ಮರು: ತುರ್ತು
‘ಸಸ್ಪೆನ್ಷನ್’ ಹಾಗೇ ಉಳಿಯಿತಲ್ಲ.

ಮರು: ಮರು: ಮರು: ತುರ್ತು
ಉಳಿಯಲಿ ಸರ್. ಅಚ್ಚಿಗೆ ಕಳಿಸಿಯಾಯಿತು.