ಅಪ್‌ಡೇಟ್: ನನ್ನ ಹೆಸರಲ್ಲಿ ಹೋದ ವೈರಸ್ ಮೇಲ್ ನನ್ನ ಕಂಪ್ಯೂಟರಿನಿಂದ ಹೋಗಿದ್ದಲ್ಲ

ಡೊಂಬಿವಲಿಯ ನಮ್ಮ ಕನ್ನಡ ಬಳಗದವರಿಗೆ ನನ್ನ ವಿಳಾಸದಿಂದ ಜಿಪ್ ಫೈಲ್ ಇರುವ ಮೇಲ್ ಹೋಗುತ್ತಿದೆ, ನಾನು ಕಳಿಸಿಲ್ಲ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ನೀವು ಹೇಳಿದ ಹಾಗೆ, ಮಾಟುಂಗಾದ ಅತ್ತೆಯ ಸ್ಪ್ಯಾಮಿನಲ್ಲಿದ್ದ ಮೇಲನ್ನು ಜಿಮೇಲಿನ ‘ಶೋ ಒರಿಜಿನಲ್’ನಲ್ಲಿ (ಮೇಲ್‌ನ ಪೂರ್ತಿ ತಾಂತ್ರಿಕ ವಿವರ ತೋರಿಸುವ ಆಯ್ಕೆ) ನೋಡಿದೆ. ಫ್ರಮ್ ಎಂಬಲ್ಲಿ ನನ್ನ ಹೆಸರು, ವಿಳಾಸ ಅಚ್ಚುಕಟ್ಟಾಗಿ ಇವೆ. ಆದರೆ ಎಸ್‌ಪಿಎಫ್, ಡಿಮಾರ್ಕ್ ಎರಡರ ಎದುರಿಗೂ ‘ಫೇಲ್’; ಮೇಲ್ ನಿಜವಾಗಿ ಆ ವಿಳಾಸದ ಕಡೆಯಿಂದಲೇ ಬಂತಾ ಎಂದು ನೋಡುವ ಪರೀಕ್ಷೆಗಳು ಇವು. ಮೇಲ್ ಯಾವ ಸರ್ವರ್ ಮೂಲಕ ಬಂತು ಅಂತ ತೋರಿಸುವ ರಿಸೀವ್ಡ್ ಸಾಲಿನಲ್ಲಿ ನಾನು ಕಂಡು ಕೇಳದ ಸರ್ವರ್. ಲಕೋಟೆಯ ಹಿಂದೆ ಯಾರ ಹೆಸರನ್ನಾದರೂ ಬರೆಯಬಹುದಲ್ವಾ, ಹಾಗೇ ಇದು.

2001ರಲ್ಲಿ ಬಂದ ಕ್ಲೆಜ್ ವೈರಸ್ಸೂ ಹೀಗೇ ಮಾಡುತ್ತಿತ್ತು. ಒಬ್ಬರ ಕಂಪ್ಯೂಟರಿಗೆ ಹೊಕ್ಕು, ಅಲ್ಲಿ ಸಿಕ್ಕ ಇನ್ನೊಬ್ಬರ ವಿಳಾಸವನ್ನು ಕಳಿಸಿದವರ ಜಾಗದಲ್ಲಿ ಹಾಕುತ್ತಿತ್ತು. ಬೈಸಿಕೊಳ್ಳುವವರು ಒಬ್ಬರು, ವೈರಸ್ ಇರುವುದು ಇನ್ನೊಬ್ಬರ ಮನೆಯಲ್ಲಿ! ಅದಕ್ಕೇ ಬಳಗದಲ್ಲಿ ಯಾರನ್ನೂ ಸುಮ್ನೆ ಅನುಮಾನಿಸಬೇಡಿ ಅಂತ ಎಲ್ಲರಿಗೂ ಹೇಳಿದೆ. ಇದು ನನಗೆ ತುಂಬಾ ಮುಖ್ಯ ಅನಿಸಿತು.

ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಪರಿಶೀಲನೆಯನ್ನೂ ಹಾಕಿದ್ದೇನೆ. ಅದರಿಂದ ಅಕೌಂಟ್ ಭದ್ರ, ಅಷ್ಟೇ. ನಕಲಿ ಮೇಲ್ ನಿಲ್ಲುವುದಿಲ್ಲ. ಈಗ ಬಳಗದಲ್ಲಿ ಎಲ್ಲರೂ ಒಪ್ಪಿಕೊಂಡಿದ್ದಾರೆ: ಫೈಲ್ ಇರುವ ಮೇಲ್ ಬಂದರೆ ಮೊದಲು ಕಳಿಸಿದವರಿಗೆ ಫೋನ್, ಆಮೇಲೆ ಕ್ಲಿಕ್.